ಹಿರಿಯರ ಹೃದಯದ ಕವಾಟ: ಸುಣ್ಣ ಕಟ್ಟುವಿಕೆ ಮತ್ತು ಶಸ್ತ್ರಚಿಕಿತ್ಸೆ

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ತೋಟಗಳಲ್ಲಿ ಎಪ್ಪತ್ತು ವರ್ಷ ದಾಟಿದ ಹಿರಿಯರೂ ಕಾಯಿ ಸುಲಿಯುವುದನ್ನು, ಅಟ್ಟಕ್ಕೆ ಕಾಯಿ ಏರಿಸುವುದನ್ನು ಬಿಟ್ಟಿರುವುದಿಲ್ಲ. ಅಂಥವರು ಒಂದು ದಿನ ಬದುವಿನ ಮೇಲೆ ಕುಳಿತು ಏದುಸಿರು ಬಿಟ್ಟರೆ, “ವಯಸ್ಸಾಯಿತು” ಎಂದು ಮನೆಯವರು ಸುಮ್ಮನಾಗುತ್ತಾರೆ. ಆದರೆ ಅದು ಮುಪ್ಪಿನ ಲಕ್ಷಣವಾಗಿರದೆ ಹೃದಯದ ಕವಾಟದ ರೋಗವಾಗಿರಬಹುದು. ತಂದೆತಾಯಿ, ಅತ್ತೆಮಾವಂದಿರ ಆರೈಕೆಯ ಹೊಣೆ ಹೊತ್ತ ದಂಪತಿಗಳು ಇದನ್ನು ಅರಿತಿರುವುದು ಅವಶ್ಯಕ.

ರೋಗದ ಬಗೆ

ಹೃದಯದಲ್ಲಿ ನಾಲ್ಕು ಕವಾಟಗಳಿವೆ. ರಕ್ತವು ಒಂದೇ ದಿಕ್ಕಿನಲ್ಲಿ ಹರಿಯುವಂತೆ ಮಾಡುವುದು ಅವುಗಳ ಕೆಲಸ. ಹೃದಯದಿಂದ ಮಹಾಪಧಮನಿಗೆ ರಕ್ತ ಹೊರಡುವ ಬಾಗಿಲಲ್ಲಿರುವ ಕವಾಟಕ್ಕೆ ಮೂರು ತೆಳು ಎಸಳುಗಳಿವೆ. ಎಳನೀರಿನ ಗಂಜಿಯಂತೆ ಮೃದುವಾಗಿರಬೇಕಾದ ಈ ಎಸಳುಗಳಲ್ಲಿ ವಯಸ್ಸಾದಂತೆ ಕೆಲವರಿಗೆ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಶೇಖರವಾಗಿ ಅವು ಕರಟದಂತೆ ಗಡುಸಾಗುತ್ತವೆ. 3ರಿಂದ 4 ಚದರ ಸೆಂ.ಮೀ. ತೆರೆಯಬೇಕಾದ ಬಾಗಿಲು 1 ಚದರ ಸೆಂ.ಮೀ.ಗಿಂತ ಕಿರಿದಾದರೆ ರೋಗ ತೀವ್ರವಾಗಿದೆಯೆಂದು ತಿಳಿಯಬೇಕು.

ರಾಗಿಮುದ್ದೆ, ಹಾಲು ಸೇವಿಸುವುದರಿಂದ ಈ ಸುಣ್ಣ ಕಟ್ಟುವುದಿಲ್ಲ. ಹಿರಿಯರಿಗೆ ಅವುಗಳನ್ನು ನಿಲ್ಲಿಸಬಾರದು. ಕ್ಯಾಲ್ಸಿಯಂ ಮಾತ್ರೆಗಳನ್ನು ಮಾತ್ರ ವೈದ್ಯರನ್ನು ಕೇಳದೆ ನುಂಗಬಾರದು. ಬೀಡಿ ಸೇದುವಿಕೆ, ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಗಳು ರೋಗಕ್ಕೆ ಒತ್ತಾಸೆಯಾಗುತ್ತವೆ. ಒಮ್ಮೆ ಕಟ್ಟಿದ ಸುಣ್ಣವನ್ನು ಕರಗಿಸುವ ಔಷಧಿ ಇಲ್ಲ.

ಲಕ್ಷಣಗಳು

ಕೆಲಸ ಮಾಡುವಾಗ ಏದುಸಿರು, ಎದೆನೋವು, ಕಣ್ಣು ಕತ್ತಲೆಗಟ್ಟಿ ಬೀಳುವುದು, ಇವು ಮೂರು ಮುಖ್ಯ ಲಕ್ಷಣಗಳು. ರೋಗ ತೀವ್ರವಾಗಿ ಈ ಲಕ್ಷಣಗಳು ತೋರಿದ ಮೇಲೆ ಕವಾಟ ಬದಲಾಯಿಸದಿದ್ದರೆ ಅನೇಕರು ಎರಡು ಮೂರು ವರ್ಷಗಳಿಗಿಂತ ಹೆಚ್ಚು ಬದುಕುವುದಿಲ್ಲ. ಆದುದರಿಂದ ಮುಂದಿನ ಕೊಬ್ಬರಿ ಮಾರಾಟದವರೆಗೆ ಕಾಯೋಣವೆನ್ನುವುದು ಸಲ್ಲದು. ವೈದ್ಯರು ಎದೆಗೆ ನಳಿಕೆ ಇಟ್ಟು ಆಲಿಸಿ ಸಂದೇಹ ಪಡುತ್ತಾರೆ. ಎಕೋ ಪರೀಕ್ಷೆಯಿಂದ ರೋಗ ಖಚಿತವಾಗುತ್ತದೆ.

ಶಸ್ತ್ರಚಿಕಿತ್ಸೆ ಮತ್ತು ಅಪಾಯ

ಕೃತಕ ಕವಾಟ ಜೋಡಿಸುವ ಶಸ್ತ್ರಚಿಕಿತ್ಸೆ 1960ರಿಂದ ನಡೆದುಬಂದಿದೆ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ರೂಪುಗೊಂಡ ಸ್ವದೇಶಿ ಕವಾಟವನ್ನು 1990ರಲ್ಲಿ ಮೊದಲು ಅಳವಡಿಸಲಾಯಿತು. ಎದೆಯ ಮೂಳೆ ಸೀಳಿ, ಹೃದಯವನ್ನು ಕೆಲಕಾಲ ನಿಲ್ಲಿಸಿ, ಯಂತ್ರದ ಮೂಲಕ ರಕ್ತ ಹರಿಸುತ್ತ ಈ ಕಾರ್ಯ ನಡೆಯುತ್ತದೆ.

ಸುಣ್ಣವು ಎಸಳುಗಳನ್ನು ಮೀರಿ ಕವಾಟದ ಬಳೆಯೊಳಗೆ ಇಳಿದಿದ್ದರೆ ತೊಡಕು ಹೆಚ್ಚು. ಅದನ್ನು ಪೂರ್ತಿ ಕೆತ್ತಿದರೆ ಹೃದಯದ ಗೋಡೆಗೆ ಪೆಟ್ಟಾಗಬಹುದು. ಬಿಟ್ಟರೆ ಹೊಸ ಕವಾಟದ ಪಕ್ಕದಿಂದ ರಕ್ತ ಸೋರಬಹುದು. ಮಹಾಪಧಮನಿಯೂ ಗಡುಸಾಗಿದ್ದರೆ ಚೂರುಗಳು ಮಿದುಳಿಗೆ ಹೋಗಿ ಲಕ್ವ ಹೊಡೆಯಬಹುದು. ಮೂತ್ರಪಿಂಡ, ಶ್ವಾಸಕೋಶಗಳ ದೌರ್ಬಲ್ಯವಿದ್ದರೂ ಅಪಾಯ ಅಧಿಕ. ಆದರೆ ವಯಸ್ಸೊಂದೇ ಅಡ್ಡಿಯಲ್ಲ.

ಅಪಾಯ ಹೆಚ್ಚಿರುವ ಹಿರಿಯರಿಗೆ ತೊಡೆಯ ರಕ್ತನಾಳದ ಮೂಲಕ ಕವಾಟ ಕೂರಿಸುವ ವಿಧಾನವು 2002ರಲ್ಲಿ ಫ್ರಾನ್ಸಿನಲ್ಲಿ ಆರಂಭವಾಯಿತು. ಅದು ಭಾರತದಲ್ಲಿಯೂ ಲಭ್ಯವಿದೆ, ಆದರೆ ವೆಚ್ಚ ಅಧಿಕ. ಬೆಂಗಳೂರು ಮತ್ತು ಮೈಸೂರಿನ ಜಯದೇವ ಹೃದ್ರೋಗ ಸಂಸ್ಥೆಗಳಲ್ಲಿ ತಜ್ಞರ ಸಲಹೆ ಪಡೆಯಬಹುದು. ಸರ್ಕಾರದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವಿನ ಬಗ್ಗೆ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿರಿ.

ದಂಪತಿಗಳ ಕರ್ತವ್ಯ

1. ಲಕ್ಷಣ ಕಂಡ ಹಿರಿಯರನ್ನು ಮರ ಹತ್ತಲು, ಭಾರ ಹೊರಲು ಬಿಡಬೇಡಿರಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

2. ಹೆಂಗಸರು ಆಯಾಸವನ್ನು ಹೇಳಿಕೊಳ್ಳುವುದು ಕಡಿಮೆ. ಅತ್ತೆಯವರು ನೀರಿನ ಬಿಂದಿಗೆಯನ್ನು ನಡುವೆ ಇಳಿಸಿ ನಿಲ್ಲುತ್ತಿದ್ದರೆ ಕೇಳಿ ತಿಳಿಯಿರಿ.

3. ಶಸ್ತ್ರಚಿಕಿತ್ಸೆಯ ಅಪಾಯವೆಷ್ಟು, ಮಾಡಿಸದಿದ್ದರೆ ಅಪಾಯವೆಷ್ಟು, ಎರಡನ್ನೂ ವೈದ್ಯರಿಂದ ಕೇಳಿರಿ. ರೋಗಿಯ ಇಚ್ಛೆಯನ್ನೂ ಕೇಳಿರಿ.

4. ಶಸ್ತ್ರಚಿಕಿತ್ಸೆಗೆ ಮೊದಲು ಹುಳುಕು ಹಲ್ಲುಗಳಿಗೆ ಚಿಕಿತ್ಸೆ ಮಾಡಿಸಿರಿ. ಅವುಗಳ ಸೋಂಕು ಹೊಸ ಕವಾಟಕ್ಕೆ ತಗಲಬಹುದು.

5. ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಜೀವನಪರ್ಯಂತ ಸೇವಿಸಿ, ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸಬೇಕು. ಅವರಿಗೆ ಮಚ್ಚಿನ ಸಣ್ಣ ಗಾಯವೂ ಹೆಚ್ಚು ರಕ್ತ ಸುರಿಸೀತು. ಆದುದರಿಂದಲೇ ಹಿರಿಯರಿಗೆ ಸಾಮಾನ್ಯವಾಗಿ ಪ್ರಾಣಿಯ ಅಂಗಾಂಶದ ಕವಾಟವನ್ನು ಆರಿಸುತ್ತಾರೆ.

ತೋಟವನ್ನು ನೆಟ್ಟು ಬೆಳೆಸಿದ ಹಿರಿಯರ ಏದುಸಿರನ್ನು ಕಡೆಗಣಿಸದಿರುವುದೂ ಕುಟುಂಬ ಕಲ್ಯಾಣದ ಒಂದು ಭಾಗವೇ ಆಗಿದೆ.