ಹೆಚ್ಚುವರಿ ಅಂಗಗಳನ್ನು ತೆಗೆಸುವುದು ಸೃಷ್ಟಿಯನ್ನು ಬದಲಿಸಿದಂತೆಯೇ?

ಚಾಮರಾಜಪೇಟೆಯ ಒಂದು ದರ್ಸ್‌ನಲ್ಲಿ ಮಹಿಳೆಯರ ಕಡೆಯಿಂದ ಚೀಟಿಯೊಂದು ಬಂತು. "ಮೊಮ್ಮಗನ ಕೈಯಲ್ಲಿ ಆರು ಬೆರಳು. ತೆಗೆಸಿ ಎನ್ನುತ್ತಾರೆ ಡಾಕ್ಟರು. ಅಲ್ಲಾಹನು ಕೊಟ್ಟದ್ದನ್ನು ಕತ್ತರಿಸಿದರೆ ಗುನಾಹ್ ಅಲ್ಲವೇ?" ಒಂದು ಬೆರಳಿಗೇ ಇಷ್ಟು ಅಳುಕಾದರೆ, ಇನ್ನೊಂದು ದೇಹವನ್ನೇ ಹೊತ್ತು ಹುಟ್ಟಿದ ಮಗುವಿನ ಹೆತ್ತವರು ಏನು ಮಾಡಬೇಕು?

ಅಂಥ ಹೆತ್ತವರು ನಮ್ಮ ಬೆಂಗಳೂರಿಗೇ ಬಂದಿದ್ದರು. 2005ರಲ್ಲಿ ಬಿಹಾರದ ಅರರಿಯಾ ಜಿಲ್ಲೆಯ ಬಡ ಕುಟುಂಬವೊಂದರಲ್ಲಿ ಹುಟ್ಟಿದ ಲಕ್ಷ್ಮಿ ಎಂಬ ಮಗುವಿಗೆ ನಾಲ್ಕು ಕೈ, ನಾಲ್ಕು ಕಾಲು. ಸೊಂಟದ ಬಳಿ ತಲೆಯಿಲ್ಲದ ಇನ್ನೊಂದು ಶರೀರ ಅಂಟಿಕೊಂಡಿತ್ತು. ಕೆಲವರು ಕೈಮುಗಿದರು, ಸರ್ಕಸ್‌ನವರು ಬೆಲೆ ಕಟ್ಟಿದರು ಎಂದು ಪತ್ರಿಕೆಗಳು ಬರೆದವು. ಮಗುವಿಗೆ ಮಾತ್ರ ನಿಲ್ಲಲೂ ಆಗುತ್ತಿರಲಿಲ್ಲ. 2007ರ ನವೆಂಬರ್‌ನಲ್ಲಿ ಸ್ಪರ್ಶ್ ಆಸ್ಪತ್ರೆಯಲ್ಲಿ ಡಾ. ಶರಣ್ ಪಾಟೀಲ್ ಅವರ ನೇತೃತ್ವದಲ್ಲಿ ಮೂವತ್ತಕ್ಕೂ ಹೆಚ್ಚು ವೈದ್ಯರು 27 ಗಂಟೆಗಳ ಕಾಲ ಶಸ್ತ್ರಚಿಕಿತ್ಸೆ ನಡೆಸಿದರು. ಕೂಡಿಕೊಂಡಿದ್ದ ಬೆನ್ನುಮೂಳೆಯನ್ನು ಬೇರ್ಪಡಿಸಿ, ಅಂಟಿದ್ದ ಶರೀರದೊಳಗಿದ್ದ ಮೂತ್ರಪಿಂಡವನ್ನು ಮಗುವಿನ ದೇಹದಲ್ಲೇ ಜೋಡಿಸಿದರು. ಹೆತ್ತವರಿಂದ ಹಣ ಪಡೆಯಲಿಲ್ಲ. ಮುಂದೆ ಆ ಮಗು ನಡೆಯಿತು, ಶಾಲೆಗೂ ಹೋಯಿತು.

ಇದನ್ನು ಪರಾವಲಂಬಿ ಅವಳಿ ಎನ್ನುತ್ತಾರೆ. ಒಂದೇ ಭ್ರೂಣವು ಅವಳಿಯಾಗಿ ಒಡೆಯುವಾಗ ಪೂರ್ತಿ ಬೇರೆಯಾಗದೆ, ಎರಡರಲ್ಲೊಂದು ಬೆಳವಣಿಗೆ ನಿಂತು, ಇನ್ನೊಂದರ ರಕ್ತದಿಂದಲೇ ಉಳಿದುಕೊಳ್ಳುತ್ತದೆ ಎಂಬುದು ಸಾಮಾನ್ಯ ವಿವರಣೆ. ತಾಯಿಯ ತಪ್ಪು ಇದರಲ್ಲಿಲ್ಲ. ಬಸುರಿ ಗ್ರಹಣ ನೋಡಿದಳು, ಕತ್ತರಿ ಹಿಡಿದಳು ಎಂದು ನಮ್ಮ ಮನೆಗಳಲ್ಲೂ ಹೇಳುವುದುಂಟು. ಪ್ರವಾದಿವರ್ಯರ(ಸ) ಪುತ್ರ ಇಬ್ರಾಹೀಮ್ ತೀರಿಕೊಂಡ ದಿನವೇ ಸೂರ್ಯಗ್ರಹಣವಾದಾಗ ಜನರು ಅವೆರಡಕ್ಕೂ ಗಂಟುಹಾಕಿದರು. ಯಾರ ಹುಟ್ಟು ಸಾವಿಗೂ ಗ್ರಹಣ ಹಿಡಿಯುವುದಿಲ್ಲವೆಂದು ಆ ದುಃಖದ ನಡುವೆಯೂ ಪ್ರವಾದಿವರ್ಯರು(ಸ) ತಿದ್ದಿದರು. ಸೊಸೆಯನ್ನು ದೂರುವ ಮುನ್ನ ಅತ್ತೆಯಂದಿರು ಈ ಹದೀಸನ್ನು ನೆನೆಯಲಿ.

ಇನ್ನು ಚೀಟಿಯ ಪ್ರಶ್ನೆ. ಅಲ್ಲಾಹನ ಸೃಷ್ಟಿಯನ್ನು ಬದಲಿಸಲು ಜನರಿಗೆ ಆಜ್ಞಾಪಿಸುವೆನೆಂದು ಶೈತಾನನು ಶಪಥ ಮಾಡಿದ್ದನ್ನು ಸೂರಃ ಅನ್ನಿಸಾದ 119ನೇ ವಚನ ತಿಳಿಸುತ್ತದೆ. ಆದರೆ ಅಲ್ಲೇ ಜಾನುವಾರುಗಳ ಕಿವಿ ಸೀಳುವ ಮಾತೂ ಇದೆ. ಮೂಢನಂಬಿಕೆಗಾಗಿ ಆರೋಗ್ಯವಂತ ಜೀವಿಯನ್ನು ವಿರೂಪಗೊಳಿಸುವುದು ಒಂದು, ನರಳುವ ಕೂಸಿನ ನೋವು ನೀಗಿಸುವುದು ಇನ್ನೊಂದು. ಅಂದಕ್ಕಾಗಿ ಹಲ್ಲು ಉಜ್ಜಿ ಸಂದು ಮಾಡಿಸಿಕೊಳ್ಳುವುದನ್ನು ಖಂಡಿಸುವ ಹದೀಸನ್ನು ವಿವರಿಸುತ್ತಾ ಇಮಾಮ್ ನವವಿ(ರ) ಅವರು, ಚಿಕಿತ್ಸೆಗಾಗಿ ಅಥವಾ ಊನ ಸರಿಪಡಿಸಲು ಮಾಡಿಸಿದರೆ ದೋಷವಿಲ್ಲ ಎಂದಿದ್ದಾರೆ. ಯುದ್ಧದಲ್ಲಿ ಮೂಗು ಕಳೆದುಕೊಂಡ ಅರ್ಫಜಾ(ರ) ಅವರು ಬೆಳ್ಳಿಯ ಮೂಗು ಹಾಕಿಸಿಕೊಂಡರು, ಅದು ನಾತ ಹೊಡೆಯಿತು. ಗಂಡಸರಿಗೆ ಚಿನ್ನ ನಿಷಿದ್ಧವಾಗಿದ್ದರೂ ಚಿನ್ನದ ಮೂಗನ್ನು ಹಾಕಿಸಿಕೊಳ್ಳಲು ಪ್ರವಾದಿವರ್ಯರು(ಸ) ಹೇಳಿದರು. ಬೆಂಗಳೂರಿನ ಈ ಶಸ್ತ್ರಚಿಕಿತ್ಸೆಗೆ ನಾಲ್ಕು ತಿಂಗಳ ಮುಂಚೆ, 2007ರ ಜುಲೈಯಲ್ಲಿ, ಮಲೇಶಿಯಾದಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯೂ ಸೀಳುತುಟಿ, ಹೆಚ್ಚುವರಿ ಬೆರಳಿನಂಥ ಜನ್ಮಜಾತ ದೋಷಗಳ ಚಿಕಿತ್ಸೆಯನ್ನು ಅನುಮತಿಸಿತು.

ತೆಗೆದ ಅಂಗವನ್ನು ಏನು ಮಾಡಬೇಕು? ಬದುಕಿರುವವರಿಂದ ಬೇರ್ಪಟ್ಟ ಅಂಗಕ್ಕೆ ಗುಸ್ಲ್ ಇಲ್ಲ, ಜನಾಝಾ ನಮಾಝ್ ಇಲ್ಲ. ಬಟ್ಟೆಯಲ್ಲಿ ಸುತ್ತಿ ಗೌರವದಿಂದ ಹೂಳಿದರಾಯಿತು. ಅಂಟಿರುವ ಎರಡಕ್ಕೂ ಹೃದಯ, ಮೆದುಳು ಇದ್ದರೆ ಅವು ಎರಡು ಜೀವಗಳು. ಆ ಮಾತೇ ಬೇರೆ. ಅಲ್ಲಿ ವೈದ್ಯರನ್ನೂ ಆಲಿಮರನ್ನೂ ಕೂಡಿಸಿಯೇ ಕೇಳಬೇಕು.

ಖರ್ಚಿಗೆ ಹೆದರಿ ಮಗುವನ್ನು ಮನೆಯೊಳಗೆ ಅಡಗಿಸಿಡಬೇಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಜನ್ಮದೋಷಗಳ ತಪಾಸಣೆ ಉಚಿತ. ವಾಣಿವಿಲಾಸ ಆಸ್ಪತ್ರೆ ಚಾಮರಾಜಪೇಟೆಗೆ ಹತ್ತಿರದಲ್ಲೇ ಇದೆ, ಅಲ್ಲಿ ವಿಚಾರಿಸಿ.

ನೋಡಲು ಹೋಗುವವರಿಗೂ ಒಂದು ಮಾತು. ಸಂಕಟದಲ್ಲಿರುವವರನ್ನು ಕಂಡಾಗ, ತನ್ನನ್ನು ಅದರಿಂದ ಕಾಪಾಡಿದ ಅಲ್ಲಾಹನನ್ನು ಸ್ತುತಿಸುವ ದುಆ ಒಂದಿದೆ. ಅದನ್ನು ಮನಸ್ಸಿನಲ್ಲೇ ಹೇಳಿಕೊಳ್ಳಬೇಕು, ಅವರಿಗೆ ಕೇಳಿಸಬಾರದು ಎಂದು ವಿದ್ವಾಂಸರು ತಿಳಿಸಿದ್ದಾರೆ. ತೊಟ್ಟಿಲ ಪಕ್ಕದಲ್ಲಿ ತಾಯಿ ಕುಳಿತಿರುತ್ತಾಳೆ.