ಕರೆಂಟು ಬಂದರೂ ಗಿರಣಿ ತಾನಾಗಿ ತಿರುಗಬಾರದು



ಸಂಘದ ಸಾಲದಲ್ಲಿ ಹಿಟ್ಟಿನ ಗಿರಣಿ, ಖಾರದ ಪುಡಿ ಮಿಲ್ಲು ಹಾಕಿಕೊಂಡವರಿಗಾಗಿ ಈ ಪಾಠ. ಸ್ಟಾರ್ಟರ್ ಪೆಟ್ಟಿಗೆಯ ಹಸಿರು ಗುಂಡಿ ಒತ್ತಿದರೆ ಮೋಟಾರು ಓಡುತ್ತೆ, ಕೆಂಪು ಒತ್ತಿದರೆ ನಿಲ್ಲುತ್ತೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಕರೆಂಟು ಹೋಗಿ ಬಂದಾಗಲೆಲ್ಲ ಮತ್ತೆ ಹಸಿರು ಗುಂಡಿ ಒತ್ತಬೇಕು, ಇದೇನು ರಗಳೆ ಅಂತ ಕೇಳುವವರಿದ್ದಾರೆ. ಕೆಲವರು ಗುಂಡಿಗೆ ಬೆಂಕಿಕಡ್ಡಿ ಸಿಕ್ಕಿಸಿಯೂ ಬಿಡುತ್ತಾರೆ. ಇದು ಎಷ್ಟು ಅಪಾಯ ಅಂತ ತಿಳಿಯಬೇಕಾದರೆ ಪೆಟ್ಟಿಗೆಯ ಒಳಗೆ ಏನಾಗುತ್ತೆ ನೋಡೋಣ.

ಒಳಗೆ ಕಾಂಟ್ಯಾಕ್ಟರ್ ಎಂಬ ಸ್ವಿಚ್ಚು ಇದೆ. ಅದನ್ನು ಎಳೆಯುವುದು ಅಯಸ್ಕಾಂತ. ತಂತಿ ಸುತ್ತಿದ ಕಾಯಿಲಿಗೆ ಕರೆಂಟು ಹರಿದಾಗ ಅದು ಅಯಸ್ಕಾಂತವಾಗಿ ಮೂರು ಕಾಂಟ್ಯಾಕ್ಟುಗಳನ್ನು ಟಕ್ ಅಂತ ಕೂಡಿಸುತ್ತೆ, ಮೂರು ಫೇಸಿನ ಕರೆಂಟು ಮೋಟಾರಿಗೆ ಹೋಗುತ್ತೆ. ಕಾಯಿಲಿಗೆ ಕರೆಂಟು ನಿಂತರೆ ಸ್ಪ್ರಿಂಗು ಅವನ್ನು ಬಿಡಿಸುತ್ತೆ. ಗುಂಡಿಗಳು ಇರುವುದು ಕಾಯಿಲಿನ ಸಣ್ಣ ವೈರಿನ ದಾರಿಯಲ್ಲಿ. ಕೆಂಪು ಗುಂಡಿ ಯಾವಾಗಲೂ ಕೂಡಿಕೊಂಡಿರುತ್ತೆ, ಒತ್ತಿದಾಗ ಬಿಡುತ್ತೆ. ಹಸಿರು ಇದಕ್ಕೆ ತದ್ವಿರುದ್ಧ.

ಹಾಗಾದರೆ ಹಸಿರು ಗುಂಡಿಯಿಂದ ಬೆರಳು ತೆಗೆದ ಕೂಡಲೇ ಮೋಟಾರು ನಿಲ್ಲಬೇಕಲ್ಲ? ಇಲ್ಲೇ ಜಾಣತನ ಇರೋದು. ಕಾಂಟ್ಯಾಕ್ಟರಿನಲ್ಲಿ ನಾಲ್ಕನೆಯ ಸಣ್ಣ ಕಾಂಟ್ಯಾಕ್ಟು ಒಂದಿದೆ. ಅದನ್ನು ಹಸಿರು ಗುಂಡಿಯ ಪಕ್ಕದ ದಾರಿಯಾಗಿ ಜೋಡಿಸಿರುತ್ತಾರೆ. ಉಳಿದ ಮೂರರ ಜೊತೆ ಅದೂ ಕೂಡಿಕೊಳ್ಳುತ್ತೆ, ಕಾಯಿಲಿಗೆ ಅದರ ಮೂಲಕ ಕರೆಂಟು ಹರಿಯುತ್ತಾ ಇರುತ್ತೆ. ಒಳಗೆ ಹೋದವಳು ತಾನೇ ಚಿಲಕ ಹಾಕಿಕೊಂಡ ಹಾಗೆ. ಇದಕ್ಕೆ ಹೋಲ್ಡಿಂಗ್ ಕಾಂಟ್ಯಾಕ್ಟ್ ಅಂತಾರೆ.

ಕರೆಂಟು ಹೋದಾಗ ಈ ಚಿಲಕವೂ ಬಿಟ್ಟುಹೋಗುತ್ತೆ. ಕರೆಂಟು ಬಂದಾಗ ಹಸಿರು ಗುಂಡಿಯೂ ಬಿಟ್ಟಿದೆ, ನಾಲ್ಕನೆಯ ಕಾಂಟ್ಯಾಕ್ಟೂ ಬಿಟ್ಟಿದೆ, ಕಾಯಿಲಿಗೆ ದಾರಿಯೇ ಇಲ್ಲ. ಆ ಹೊತ್ತಿಗೆ ನೀವು ಸಿಕ್ಕಿಕೊಂಡ ಮೆಣಸಿನಕಾಯಿ ತೆಗೆಯಲು ಗಿರಣಿ ಬಾಯಿಗೆ ಕೈ ಹಾಕಿರಬಹುದು, ಬೆಲ್ಟಿನ ಹತ್ತಿರ ಸೆರಗು ಇರಬಹುದು. ಬೆಂಕಿಕಡ್ಡಿ ಸಿಕ್ಕಿಸಿದ್ದರೆ ಮೋಟಾರು ಹೇಳದೆ ಕೇಳದೆ ಓಡುತ್ತೆ. ಇನ್ನೂ ಒಂದಿದೆ: ಆಗ ಕೆಂಪು ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ನಿಲ್ಲುತ್ತೆ, ಬಿಟ್ಟರೆ ಮತ್ತೆ ಶುರು!

ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರ್ ತಂದು ಗಿರಣಿಗೆ ಹಾಕುವುದೂ ಇದೇ ತಪ್ಪು. ಬಾವಿಯ ಪಂಪಿಗೆ ಯಾರೂ ಕೈ ಹಾಕಿರುವುದಿಲ್ಲ, ಗಿರಣಿಯ ವಿಷಯ ಬೇರೆ.

ಓವರ್‌ಲೋಡ್ ರಿಲೇಯೂ ಅದೇ ಸಣ್ಣ ವೈರಿನ ದಾರಿಯಲ್ಲಿದೆ. ಮೋಟಾರು ಹೆಚ್ಚು ಕರೆಂಟು ಎಳೆದರೆ ಅದು ಕಾಯಿಲನ್ನು ಬಿಡಿಸುತ್ತೆ. ಮೋಟಾರಿನ ತಗಡಿನ ಪಟ್ಟಿಯಲ್ಲಿ ಬರೆದ ಆಂಪಿಯರಿಗೆ ಅದನ್ನು ಇಡಬೇಕು. 5 ಎಚ್‌ಪಿಯ ಮೂರು ಫೇಸ್ ಮೋಟಾರಿಗೆ ಸುಮಾರು 7ರಿಂದ 7.5. ಪದೇ ಪದೇ ಟ್ರಿಪ್ ಆಗುತ್ತೆ ಅಂತ ಇದನ್ನು ಮೇಲಕ್ಕೆ ತಿರುಗಿಸಲು ಬಿಡಬೇಡಿ, ಮೋಟಾರು ಸುಟ್ಟೀತು. ಕಾಳು ಹೆಚ್ಚು ಸುರಿದಿದ್ದೀರಾ, ಒಂದು ಫೇಸು ಹೋಗಿದೆಯಾ ನೋಡಿ.

ಎಲೆಕ್ಟ್ರಿಶಿಯನ್‌ಗೆ ದುಡ್ಡು ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿಸಿ. ಗಿರಣಿ ಖಾಲಿ ಇರಲಿ, ಬೆಲ್ಟಿನ ಗಾರ್ಡ್ ಹಾಕಿರಲಿ, ಎಲ್ಲರೂ ದೂರ ನಿಲ್ಲಿ. ಮೋಟಾರು ಓಡುವಾಗ ಮೇನ್ ಸ್ವಿಚ್ ಆಫ್ ಮಾಡಿ. ಪೂರ್ತಿ ನಿಂತ ಮೇಲೆ ಆನ್ ಮಾಡಿ. ತಾನಾಗಿ ಓಡಿದರೆ ಜೋಡಣೆ ಸರಿಯಿಲ್ಲ. ಪರೀಕ್ಷೆ ಆದದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಪೆಟ್ಟಿಗೆ ಮಾತ್ರ ನೀವು ತೆರೆಯಬೇಡಿ. ಕೆಂಪು ಗುಂಡಿ ಒತ್ತಿದರೂ ಒಳಗೆ 415 ವೋಲ್ಟ್ ಇದ್ದೇ ಇರುತ್ತೆ. ಹಾಗೆಯೇ ಗಿರಣಿ ಬಾಯಿಗೆ ಕೈ ಹಾಕುವ ಮುಂಚೆ ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.

ಸ್ಟಾರ್ಟರ್ ದೂರದ ಗೋಡೆಯಲ್ಲಿದ್ದರೆ ಕಾಳು ಸುರಿಯುವವಳ ಕೈಗೆ ಸಿಗುವ ಹಾಗೆ ಇನ್ನೊಂದು ಕೆಂಪು ಗುಂಡಿ ಹಾಕಿಸಿ. ಮೊದಲ ಕೆಂಪು ಗುಂಡಿಯ ದಾರಿಯಲ್ಲೇ, ಒಂದರ ನಂತರ ಒಂದಾಗಿ ಅದನ್ನು ಜೋಡಿಸಬೇಕು. ಆಗ ಯಾವುದನ್ನು ಒತ್ತಿದರೂ ಮೋಟಾರು ನಿಲ್ಲುತ್ತೆ. ಅಣಬೆ ತಲೆಯ ದೊಡ್ಡ ಗುಂಡಿ ಸಿಗುತ್ತೆ, ಒತ್ತಿದರೆ ತಿರುಗಿಸಿ ಬಿಡಿಸುವ ತನಕ ಹಾಗೇ ಹಿಡಿದಿರುತ್ತೆ. ಅದನ್ನೇ ಕೇಳಿ ತನ್ನಿ.