ಹಳೇ ಗೇಮ್ ಪೆಟ್ಟಿಗೆಗೆ ಕರೆಂಟ್ ಕೊಡುವ ಮುನ್ನ

ಒಂದು ಕಾಲಕ್ಕೆ ವಿಡಿಯೊ ಗೇಮ್ ಪಾರ್ಲರ್‌ನಲ್ಲಿ ನಿಂತು ಆಡುತ್ತಿದ್ದ ಪೆಟ್ಟಿಗೆಯನ್ನು ಹುಡುಕಿ ತಂದು, ಬಣ್ಣ ಬಳಿದು ಮನೆಯಲ್ಲಿಟ್ಟುಕೊಳ್ಳುವ ಹುಚ್ಚು ಕೆಲವರಿಗಿದೆ. ನನಗೂ ಇದೆ. ಪ್ಲೈವುಡ್ ಕೆಲಸದಲ್ಲಿ ತಪ್ಪಿದರೆ ತಿದ್ದಬಹುದು. ವೈರಿಂಗ್‌ನಲ್ಲಿ ತಪ್ಪಿದರೆ ಗೇಮಿನ ಸರ್ಕ್ಯೂಟ್ ಬೋರ್ಡೇ ಹೋಗುತ್ತದೆ.

ಪೆಟ್ಟಿಗೆ ಅಮೆರಿಕದ್ದಾದರೆ ಒಳಗಿನ ಟ್ರಾನ್ಸ್‌ಫಾರ್ಮರ್, ಮಾನಿಟರ್, ದೀಪ ಎಲ್ಲವೂ 110–120 ವೋಲ್ಟಿನವಾಗಿರಬಹುದು. ನಮ್ಮ 230 ವೋಲ್ಟಿಗೆ ನೇರ ಚುಚ್ಚಬೇಡಿ. ಹೊಸ ಎಸ್‌ಎಂಪಿಎಸ್ (ಬೋರ್ಡಿಗೆ ಬೇಕಾದ ಕಡಿಮೆ ವೋಲ್ಟೇಜ್ ಕೊಡುವ ಪವರ್ ಸಪ್ಲೈ) ಹಾಕುವುದಾದರೂ ಅದರ ಮೈಮೇಲಿನ ಸಣ್ಣ ಸ್ವಿಚ್ಚು 220ರ ಕಡೆಗಿದೆಯೇ ನೋಡಿ. ಹಳೇ ಪಿಕ್ಚರ್ ಟ್ಯೂಬ್ ಮಾನಿಟರ್‌ಗಳಲ್ಲಿ ಬಹಳಷ್ಟಕ್ಕೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಪ್ಲಗ್ ಕಿತ್ತ ಮೇಲೂ ಟ್ಯೂಬಿನ ಬೆನ್ನಿಗೆ ಕೈ ಹಾಕಬೇಡಿ, ಅಲ್ಲಿ ಸಾವಿರಾರು ವೋಲ್ಟ್ ಉಳಿದಿರುತ್ತದೆ.

ಇನ್ನು ಜೋಡಣೆ. ತ್ರೀ ಪಿನ್ ಪ್ಲಗ್ಗಿನಿಂದ ಬರುವ ಕೆಂಪು ವೈರ್ (ಫೇಸ್) ಫ್ಯೂಸ್ ಮತ್ತು ಸ್ವಿಚ್ ದಾಟಿ ಎಸ್‌ಎಂಪಿಎಸ್‌ನ 'ಎಲ್' ಸ್ಕ್ರೂಗೆ, ಕಪ್ಪು 'ಎನ್'ಗೆ, ಹಸಿರು ಅರ್ತಿಂಗ್ ಗುರುತಿಗೆ. ಅದೇ ಹಸಿರು ವೈರ್ ನಾಣ್ಯದ ಬಾಗಿಲು, ಲೋಹದ ಬಟನ್ ಪ್ಯಾನೆಲ್‌ಗೂ ಹೋಗಲಿ. ಮಕ್ಕಳು ಮುಟ್ಟುವ ಜಾಗಗಳವು. ವೈರ್ ತುದಿಗೆ ತಿಂಬಲ್ ಒತ್ತಿಯೇ ಸ್ಕ್ರೂ ಬಿಗಿಯಿರಿ.

ಬೋರ್ಡಿನ ಕಡೆ ಸಾಮಾನ್ಯವಾಗಿ ಸಿಗುವುದು ಜಪಾನಿನಲ್ಲಿ 1985ರಲ್ಲಿ ರೂಢಿಗೆ ಬಂದ ಜಾಮಾ ಕನೆಕ್ಟರ್. ಒಂದೊಂದು ಬದಿಗೆ 28, ಒಟ್ಟು 56 ಪಿನ್. 1, 2 ಗ್ರೌಂಡ್. 3, 4 ಪ್ಲಸ್ 5 ವೋಲ್ಟ್. 5 ಮೈನಸ್ 5 ವೋಲ್ಟ್. 6 ಪ್ಲಸ್ 12 ವೋಲ್ಟ್. ಬೆನ್ನಿನ ಬದಿಯಲ್ಲೂ ಇದೇ ಸಾಲು. 7ನೆಯ ಜಾಗದ ತಡೆಕಡ್ಡಿ ಕಿತ್ತುಹೋಗಿದ್ದರೆ ಹೊಸದು ಹಾಕಿ, ಇಲ್ಲದಿದ್ದರೆ ಕನೆಕ್ಟರ್ ತಲೆಕೆಳಗಾಗಿ ಕೂರಬಹುದು. 5 ಮತ್ತು 12ರ ವೈರ್‌ಗಳಿಗೆ ಬೇರೆ ಬೇರೆ ಬಣ್ಣವಿರಲಿ.

ಬೋರ್ಡ್ ಸಿಕ್ಕಿಸದೆಯೇ ಸ್ವಿಚ್ ಹಾಕಿ ಮಲ್ಟಿಮೀಟರ್‌ನಲ್ಲಿ ಮೂರೂ ವೋಲ್ಟೇಜ್ ನೋಡಿ. ಸರಿಯಿದ್ದರೆ ಆಫ್ ಮಾಡಿ, ಬೋರ್ಡ್ ಸಿಕ್ಕಿಸಿ ಮತ್ತೆ ಆನ್ ಮಾಡಿ. ಈ ಸಲ ಅಳೆಯಬೇಕಾದ್ದು ಎಸ್‌ಎಂಪಿಎಸ್ ಸ್ಕ್ರೂ ಮೇಲಲ್ಲ, ಬೋರ್ಡಿನ ಮೇಲೆ. 5 ವೋಲ್ಟಿನ ಲೈನಿನಲ್ಲಿ ಹಲವು ಆಂಪಿಯರ್ ಹರಿಯುವುದರಿಂದ ತೆಳು ವೈರಿನಲ್ಲೇ ಅರ್ಧ ವೋಲ್ಟ್ ಸೋರಿಹೋಗಬಹುದು. ಆಗ ಗೇಮ್ ನಡುವೆ ರೀಸೆಟ್ ಆಗುತ್ತದೆ, ಜನ ಚಿಪ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. 1 ಸ್ಕ್ವೇರ್ ಎಂಎಂ ವೈರ್ ಬಳಸಿ, 5 ವೋಲ್ಟಿನ ನಾಲ್ಕೂ ಪಿನ್‌ಗಳಿಗೆ ಕೊಡಿ. ಆಮೇಲೂ ಕಡಿಮೆ ಬಂದರಷ್ಟೇ ಎಸ್‌ಎಂಪಿಎಸ್ ಮೇಲಿರುವ 5 ವೋಲ್ಟಿನ ಹೊಂದಾಣಿಕೆಯ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ. 5.0ರಿಂದ 5.1 ಸಾಕು, 5.25 ದಾಟಿದರೆ ಹಳೇ ಚಿಪ್‌ಗಳಿಗೆ ಅಪಾಯ. ಮೀಟರ್ ನೋಡದೆ ತಿರುಗಿಸಿ ನಾನೊಂದು ಬೋರ್ಡ್ ಕಳೆದುಕೊಂಡಿದ್ದೇನೆ.

230 ವೋಲ್ಟಿನ ಕಡೆ ಕೈ ಹಾಕಲು ಅಳುಕಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ಆ 5 ವೋಲ್ಟಿನ ಸ್ಕ್ರೂ ಮಾತ್ರ ನೀವೇ ತಿರುಗಿಸಿ.